ಅರ್ನೋ ನದಿಯ ಊರಿನಲ್ಲಿ ಅಂಬುಜಮ್ಮನ ಕಂಬಳಿ

ಕಾರ್ತಿಕ ಮಾಸದ ಸಂಜೆಗಳಲ್ಲಿ ಸಾವನದುರ್ಗದ ಬಂಡೆಗೆ ಎಲ್ಲಿಂದಲೋ ಒಂದು ಮೃದುತ್ವ ಬಂದುಬಿಡುತ್ತದೆ. ಹಗಲಿಡೀ ಬಿಸಿಲನ್ನು ಹೀರಿಕೊಂಡು ಮುಖ ಗಂಟಿಕ್ಕಿ ಕುಳಿತಿದ್ದ ಆ ಏಕಶಿಲೆಯ ಮಹಾಕಾಯ, ಸೂರ್ಯ ಪಡುವಣಕ್ಕೆ ವಾಲುತ್ತಿದ್ದಂತೆ ಕುಂಕುಮ ಬೆರೆಸಿದ ಹಾಲಿನ ಬಣ್ಣಕ್ಕೆ ತಿರುಗಿ, ಆಮೇಲೆ ಪಾರಿವಾಳದ ಕೊರಳಿನ ಬಣ್ಣಕ್ಕೆ ಇಳಿದು, ಕಡೆಗೆ ಆಗತಾನೇ ಕತ್ತರಿಸಿದ ಕರಿಕುರಿಯ ಉಣ್ಣೆಯಂತೆ ಕಪ್ಪಾಗಿ ಆಕಾಶಕ್ಕೆ ಒರಗಿಕೊಳ್ಳುತ್ತದೆ. ಹಿಂಗಾರಿನ ಕೊನೆಯ ಹನಿಗಳು ರಾಗಿಯ ತೆನೆಗಳ ಮೇಲೆ ಆರದೆ ಮಿನುಗುವ ಹೊತ್ತು ಅದು. ಮೇಯಲು ಹೋದ ಮಂದೆಗಳು ಹೊಂಬಣ್ಣದ ಧೂಳಿನ ಪಲ್ಲಕ್ಕಿಯಲ್ಲಿ ಕುಳಿತು ಊರಿಗೆ ಮರಳುವ ಹೊತ್ತು... ಸಹೃದಯರೇ, ಇಂಥ ಸಂಜೆಯನ್ನು ಬಿಟ್ಟು ಯಾರಾದರೂ ಪರದೇಶಕ್ಕೆ ಹೊರಡುತ್ತಾರೆಯೇ ಎಂದು ನೀವು ಕೇಳಬಹುದು. ಮಾಗಡಿ ಸೀಮೆಯ ಪಾಳ್ಯದ ಕೆಂಪಯ್ಯನೂ ಅದನ್ನೇ ಕೇಳಿದ್ದ. ಆದರೆ ಅವನು ಕೇಳಿದ್ದು ವಿಮಾನದೊಳಗೆ, ಸೊಂಟಕ್ಕೆ ಪಟ್ಟಿ ಬಿಗಿದು ಬಾಗಿಲು ಮುಚ್ಚಿದ ಮೇಲೆ. ಆದ್ದರಿಂದ ಆ ಪ್ರಶ್ನೆಗೆ ಹೆಚ್ಚಿನ ಬೆಲೆಯೇನೂ ಉಳಿದಿರಲಿಲ್ಲ.

ಕೆಂಪಯ್ಯನಿಗೆ ಐವತ್ತೆಂಟು. ಕುರಿ ಸಾಕುವ, ಕಂಬಳಿ ನೇಯುವ ಮನೆತನ. ಹೆಂಡತಿ ಅಂಬುಜಮ್ಮ ಉಣ್ಣೆ ಹಿಂಜಿ ರಾಟೆಯಲ್ಲಿ ನೂಲುವವಳು. ಅವನು ನೆಲದಲ್ಲಿ ತೋಡಿದ ಗುಂಡಿಗೆ ಕಾಲಿಳಿಬಿಟ್ಟು ಮಗ್ಗದಲ್ಲಿ ನೇಯುವವನು. ಈ ಪಾಲುಪಟ್ಟಿ ಅವರಿಬ್ಬರು ಮಾಡಿಕೊಂಡದ್ದಲ್ಲ. ರಾಟೆ ಹೆಣ್ಣಿನದು, ಮಗ್ಗ ಗಂಡಿನದು, ಹೆಂಗಸು ಮಗ್ಗದ ಗುಂಡಿಗೆ ಕಾಲಿಡಬಾರದು ಎಂಬುದು ಪಾಳ್ಯದ ಕಟ್ಟಳೆ. ಏಕೆ ಎಂದು ಯಾರಾದರೂ ಕೇಳಿದರೆ ಹಿರಿಯರು ಎಲೆಅಡಿಕೆಯ ಚೀಲಕ್ಕೆ ಕೈ ಹಾಕುತ್ತಿದ್ದರು. ಅಡಿಕೆ ಬಾಯಲ್ಲಿರುವಾಗ ಉತ್ತರ ಹೇಳುವುದು ಶಿಷ್ಟಾಚಾರವಲ್ಲವಷ್ಟೆ. ವರ್ಷಕ್ಕೊಮ್ಮೆ ಬೀರೇದೇವರ ಪೂಜೆಯಂದು, ಗುಡಿಯ ಪೂಜಾರಿಯೂ ಕೆಂಪಯ್ಯನ ಸ್ವಂತ ಅಣ್ಣನೂ ಆದ ಪುಟ್ಟಲಿಂಗಯ್ಯ ಹೊಸ ಕಂಬಳಿಯನ್ನು ಮಡಿಸಿ ದೇವರಿಗೆ ಗದ್ದುಗೆ ಹಾಸಿ, ನೆರೆದವರೆಲ್ಲರೂ ಕೇಳುವಂತೆ ನೇಯ್ದವನ ಹೆಸರನ್ನು ಕೂಗುತ್ತಿದ್ದ: "ಕೆಂಪಯ್ಯನ ಕೈನೇಯ್ಗೆ!" ಇಪ್ಪತ್ತೆರಡು ವರ್ಷಗಳಿಂದ ಆ ಕೂಗು ಬೇರೊಬ್ಬನ ಹೆಸರಿಗೆ ಹೊರಳಿರಲಿಲ್ಲ.

ಅದರಲ್ಲಿ ಕೊನೆಯ ಏಳು ವರ್ಷಗಳದ್ದು ಸುಳ್ಳು.

ಕುರಿಗಳಿಗೆ ರೋಗ ಬಡಿದ ಒಂದು ವರ್ಷ ಕೆಂಪಯ್ಯ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಗೆ ಕೆಲಸಕ್ಕೆ ಸೇರಿದ್ದ. ಎಂಟನೆಯ ತಿಂಗಳು ಅಲ್ಲಿನ ಯಂತ್ರವೊಂದು ಅವನ ಬಲಗೈಯನ್ನು ಕಚ್ಚಿತು. ವೈದ್ಯರು ಕೈ ಉಳಿಸಿದರು, ಹಿಡಿತ ಉಳಿಯಲಿಲ್ಲ. ಊರಿನವರಿಗೆ ಮಾತ್ರ ಕೈ ವಾಸಿಯಾಯಿತೆಂದೇ ಹೇಳಿದ. ಲಾಳಿ ಎಸೆಯಬಲ್ಲ, ಅನ್ನ ಕಲಸಬಲ್ಲ. ಆದರೆ ಹೊಕ್ಕಿನ ಎಳೆಯನ್ನು ಬಡಿದು ಕೂರಿಸುವ ಆ ಭಾರದ ಮರದ ಹಲಗೆಯನ್ನು ಎತ್ತಿದರೆ, ಅದು ಮಾತು ಕೇಳದ ಮೇಕೆಯಂತೆ ಕೈ ಜಾರಿಸಿಕೊಂಡು ಹೋಗುತ್ತಿತ್ತು. ಒಂದು ಮಧ್ಯಾಹ್ನ ಅವನು ಮಗ್ಗದ ಮುಂದೆ ಸುಮ್ಮನೆ ಕುಳಿತು ತನ್ನ ಕೈಯನ್ನೇ ನೋಡುತ್ತಿದ್ದಾಗ ಅಂಬುಜಮ್ಮ ಬಂದಳು, ಬಾಗಿಲು ಮುಚ್ಚಿದಳು, ಸೆರಗು ಸಿಕ್ಕಿಸಿ ಗುಂಡಿಗೆ ಇಳಿದಳು. ತಂದೆ ನೇಯುವುದನ್ನು ನೋಡುತ್ತಲೇ ಬೆಳೆದ ಅವಳ ಕಣ್ಣುಗಳಿಗೆ ಯಾವುದನ್ನೂ ಹೇಳಿಕೊಡಬೇಕಾಗಿರಲಿಲ್ಲ.

ಅಂದಿನಿಂದ ನೇಯ್ದದ್ದು ಅವಳು, ಹೊಗಳಿಸಿಕೊಂಡದ್ದು ಅವನು. ಅಂಗಳದಲ್ಲಿ ಹೆಜ್ಜೆಯ ಸಪ್ಪಳವಾದರೆ ಸಾಕು, ಅವಳು ಮೇಲೆ, ಅವನು ಕೆಳಗೆ. ನೂರು ಊರು ಸುತ್ತಿದ ನಾಟಕದ ಕಂಪನಿಯವರಿಗೂ ಅಷ್ಟು ಚುರುಕಾಗಿ ಪಾತ್ರ ಬದಲಿಸಲು ಬಂದಿರಲಾರದು. ಇದೆಲ್ಲದಕ್ಕೆ ಅವನು ಅವಳಿಗೆ ಒಂದು ಒಳ್ಳೆಯ ಮಾತು ಹೇಳಿದ್ದನೇ? ಇಲ್ಲ... ಆ ಸೀಮೆಯಲ್ಲಿ ಗಂಡ ಹೆಂಡತಿಯ ಉಪಕಾರ ಸ್ಮರಿಸುವ ಪದ್ಧತಿಯಿಲ್ಲ. ಸಾರು ಚೆನ್ನಾಗಿದ್ದರೆ ಇನ್ನೊಂದು ಸಲ ತಟ್ಟೆ ಮುಂದೆ ಮಾಡುವುದೇ ಪ್ರಶಂಸೆ. ಹೇಳದೆ ಉಳಿದ ಆ ಮಾತು ಮಾತ್ರ, ಮಳೆ ಸುರಿಸದ ಮೋಡದಂತೆ, ಏಳು ವರ್ಷಗಳಿಂದ ಅವನ ಎದೆಯ ಮೇಲೆ ನಿಂತೇ ಇತ್ತು.

ಕುಶಲಕರ್ಮಿಗಳ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಕನಕಪುರದ ನಯನ, ಈ ದಂಪತಿಯ ಕಂಬಳಿಗಳ ಫೋಟೋಗಳನ್ನು ಎಲ್ಲಿಗೋ ಕಳಿಸಿದ್ದಳು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನಡೆಯುವ ಉಣ್ಣೆ ಕಸುಬುದಾರರ ಮೇಳಕ್ಕೆ ಕರೆ ಬಂತು: ನೇಕಾರ ಕೆಂಪಯ್ಯ, ಜೊತೆಗೆ ನೂಲುವ ಹೆಂಡತಿ. ನಯನಳಿಗೂ ಗುಟ್ಟು ಗೊತ್ತಿರಲಿಲ್ಲ. ಕೆಂಪಯ್ಯ ನೂರು ನೆಪ ಹುಡುಕಿದ; ಅಂಬುಜಮ್ಮ ಒಂದನ್ನೂ ಒಪ್ಪಲಿಲ್ಲ.

"ಬಂದಿರೋದ್ನ ಯಾಕೆ ಬುಡ್ಬೇಕು? ಒಂದು ಗೇಣು ಬುಟ್ಟು ಮಿಕ್ಕಿದ್ನೆಲ್ಲ ಇಲ್ಲೇ ನೇಯ್ದು ಸುತ್ಕೊಂಡು ಹೋಗುವ. ಅಲ್ಲಿ ಒಸಿ ಒಸಿ ಲಾಳಿ ಎಸೀರಿ, ಕೈ ನೋವು ಅನ್ನಿ. ನಾನು ನೂಲ್ತಾ ಮಾತಾಡ್ಸ್ತಿರ್ತೀನಿ."

"ಯಾವ ಭಾಷೇಲಿ ಮಾತಾಡಿಸ್ತೀಯಮ್ಮಿ?"

"ಕನ್ನಡದಲ್ಲೇ. ತಿಳೀದಿದ್ರೆ ಅವ್ರೇ ಕೇಳ್ತಾರೆ."

ಹೀಗೆ ನಯನಳ ಜೊತೆ ಹೊರಟವರು ಮೊದಲು ರೋಮ್ ನಗರದಲ್ಲಿಳಿದರು. ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಹಾಸಿನ ಎಳೆಗಳಿಗೆ ಗಂಜಿ ಹಚ್ಚಲೆಂದು ತಂದಿದ್ದ ಹುಣಸೆಬೀಜದ ಹಿಟ್ಟನ್ನು ವಿಮಾನ ನಿಲ್ದಾಣದ ಅಧಿಕಾರಿಯೊಬ್ಬ ಬೆರಳ ತುದಿಯಲ್ಲಿ ತೆಗೆದುಕೊಂಡು ಅನುಮಾನದಿಂದ ಮೂಸಿದಾಗ, ಅಂಬುಜಮ್ಮ ಕನಿಕರದಿಂದ "ತಿನ್ಬ್ಯಾಡ ಕಣಪ್ಪ, ಹೊಟ್ಟೆ ಕಟ್ಕತದೆ" ಎಂದಳು. ಅವನಿಗೆ ಏನು ತಿಳಿಯಿತೋ, ಮುದ್ರೆ ಒತ್ತಿ ಕಳಿಸಿದ.

ಎರಡು ದಿನ ನಯನ ಇಬ್ಬರನ್ನೂ ರೋಮ್ ಸುತ್ತಿಸಿದಳು. ಸಾಮ್ರಾಜ್ಯಗಳ ಉದಯಾಸ್ತಗಳಿಗೆ ಸಾಕ್ಷಿಯಾದ ಆ ಭಗ್ನ ವರ್ತುಲ ರಂಗಭೂಮಿ, ಕಲೋಸಿಯಂ, ಇಳಿಬಿಸಿಲಿನಲ್ಲಿ ಜೇನುಗೂಡಿನಂತೆ ಹೊಳೆಯುತ್ತಿತ್ತು. ಕವಿಗಳು ನಿಟ್ಟುಸಿರಿಟ್ಟ ಆ ತಾಣದಲ್ಲಿ ಕೆಂಪಯ್ಯ ಬಹಳ ಹೊತ್ತು ನಿಂತು, "ಸಾವ್ರ ಕುರಿ ಕೂಡ್ಬೋದು. ಬಾಗ್ಲು ಜಾಸ್ತಿ ಆಯ್ತು, ಕಾಯಕ್ಕಾಗಕಿಲ್ಲ" ಎಂದ. ಪ್ಯಾಂಥಿಯನ್ ಎಂಬ ಪುರಾತನ ದೇವಾಲಯದ ಗುಮ್ಮಟದ ನಡುನೆತ್ತಿಯಲ್ಲಿ ಆಕಾಶಕ್ಕೆ ತೆರೆದ ಒಂದು ದುಂಡು ಕಿಂಡಿಯಿದೆ. ಅವರು ಹೋದಾಗ ಅದರೊಳಗಿಂದ ಸೋನೆಮಳೆ ಬೆಳಕಿನ ಕಂಬದ ಜೊತೆಗೇ ಇಳಿದು, ಅಮೃತಶಿಲೆಯ ನೆಲವನ್ನು ಮೆಲ್ಲಗೆ ಮುಟ್ಟುತ್ತಿತ್ತು... ಜನ ಮೂಕವಿಸ್ಮಿತರಾಗಿದ್ದರು.

"ಸೋರೋ ಮನೇನ ಎರಡು ಸಾವ್ರ ವರ್ಸದಿಂದ ಹಂಗೇ ಬುಟ್ಟವ್ರಲ್ಲ" ಎಂದಳು ಅಂಬುಜಮ್ಮ. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಅಂಗೈ ಚಾಚಿ ಆ ಹನಿಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ನೋಡಿದವನು ಕೆಂಪಯ್ಯನೊಬ್ಬನೇ. ಮೂವತ್ತೆರಡು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಡತಿಯ ಮುಖವನ್ನು, ಆ ಜಲಜ್ಯೋತಿಯಲ್ಲಿ, ಅವನು ಮೊದಲ ಸಲ ಬಿಡುವಾಗಿ ನೋಡಿದ. ಎಷ್ಟು ಚೆಂದ ಇದಾಳೆ ಎನಿಸಿತು. ಎನಿಸಿದ್ದಕ್ಕೆ ನಾಚಿಕೆಯಾಗಿ, ಶೌಚಾಲಯ ಎಲ್ಲಿದೆ ಎಂದು ನಯನಳನ್ನು ಕೇಳಿದ.

ಮೂರನೆಯ ದಿನ ರೈಲು ಅವರನ್ನು ಫ್ಲಾರೆನ್ಸಿಗೆ ತಂದು ಬಿಟ್ಟಿತು. ಹೆಂಚಿನ ಕೆಂಪು, ಕಲ್ಲಿನ ಜೇನುಬಣ್ಣ, ಅರ್ನೋ ನದಿಯ ಹಸಿರು, ಇವು ಮೂರನ್ನೇ ಕಲಸಿ ಯಾರೋ ಒಂದು ನಗರವನ್ನು ಬರೆದಂತಿತ್ತು. ಅದರ ನಡುವೆ ಮಹಾಗುಡಿಯಂಥ ಹಿರಿಯ ಚರ್ಚಿನ ಕೆಂಗುಮ್ಮಟ, ಶರತ್ಕಾಲದ ಮಂಜಿನಲ್ಲಿ ತೇಲುವ ಇನ್ನೊಂದು ಸೂರ್ಯನಂತೆ! ಬಣ್ಣಗಾರರ ಹೆಸರಿನ ಬೀದಿ, ಉಣ್ಣೆ ಕತ್ತರಿಸುವವರ ಹೆಸರಿನ ಬೀದಿ... ನಯನ ಒಂದೊಂದನ್ನೇ ಓದಿ ಹೇಳುತ್ತಿದ್ದರೆ ಗಂಡಹೆಂಡಿರಿಬ್ಬರೂ ನೆಂಟರ ಮನೆಯ ವಿಳಾಸ ಕೇಳುವವರಂತೆ ಕೇಳುತ್ತಿದ್ದರು. ಹಳೆಯ ಕಲ್ಲಿನ ಮನೆಯೊಂದರ ಗೋಡೆಯ ಮೇಲೆ ಪತಾಕೆ ಹೊತ್ತ ಕುರಿಮರಿಯ ಕೆತ್ತನೆ ಕಂಡು ಇಬ್ಬರೂ ಒಟ್ಟಿಗೆ ನಿಂತುಬಿಟ್ಟರು.

"ಯಾಕವ್ವ ಇದು ಬಾವುಟ ಹಿಡ್ಕಂಡೈತೆ? ಎಲೆಕ್ಷನ್‌ಗೆ ನಿಂತೈತಾ?" ಕೆಂಪಯ್ಯ ಕೇಳಿದ.

ನಯನ ನಕ್ಕಳು. "ಇಲ್ಲ ಅಣ್ಣ, ಇದು ಇಲ್ಲಿನ ಉಣ್ಣೆ ಕಸುಬಿನ ಸಂಘದವರ ಮುದ್ರೆ. ಐದಾರು ನೂರು ವರ್ಷದ ಹಿಂದೆ ಆ ದೊಡ್ಡ ಗುಡಿ ಕಟ್ಟಿಸೋ ಹೊಣೆ ಹೊತ್ತಿದ್ದು ಅವರೇ."

"ಕುರಿ ಉಣ್ಣೆಯಿಂದ ಅಷ್ಟು ದೊಡ್ಡ ಗುಡೀನಾ!" ಕೆಂಪಯ್ಯ ಗುಮ್ಮಟದ ಕಡೆ ತಿರುಗಿ ಕೈಮುಗಿದ. ಅಂಬುಜಮ್ಮ ಮಾತ್ರ ಕೆತ್ತನೆಯನ್ನೇ ಪರೀಕ್ಷಿಸಿ, "ಬನ್ನೂರು ತಳಿ ಅಲ್ಲ. ಕಾಲು ಉದ್ದ" ಎಂದಳು.

ಮೇಳ ನಡೆಯುತ್ತಿದ್ದದ್ದು ಕಮಾನುಗಳ ಒಂದು ವಿಶಾಲ ಸಭಾಂಗಣದಲ್ಲಿ. ಅಮೃತಶಿಲೆಯ ನೆಲವನ್ನು ಅಗೆಯುವಂತಿರಲಿಲ್ಲವಾದ್ದರಿಂದ ಮರದ ಅಟ್ಟಣೆಯೊಂದನ್ನು ಕಟ್ಟಿ, ಮಗ್ಗವನ್ನು ಎತ್ತರದಲ್ಲಿ ನಿಲ್ಲಿಸಿದ್ದರು. ಮೊದಲ ದಿನ ನಾಟಕ ಸಾಂಗವಾಗಿ ಸಾಗಿತು. ಕೆಂಪಯ್ಯ ಲಾಳಿ ಎಸೆದ, ಕೈ ನೀವಿಕೊಂಡ, ಮುಗುಳ್ನಕ್ಕ. ಅಂಬುಜಮ್ಮನ ರಾಟೆಯ ಸುತ್ತ ಜನ ಮುತ್ತಿದ್ದರು. ಅವಳು ಕನ್ನಡದಲ್ಲಿ ಬೈಯುತ್ತಿದ್ದರೂ ಅವರು ಕೈಚಪ್ಪಾಳೆ ತಟ್ಟುತ್ತಿದ್ದರು.

ಎರಡನೆಯ ದಿನ ಬೆಳ್ಳಿಗೂದಲ ಮಹಿಳೆಯೊಬ್ಬರು ಬಂದರು. ಉಣ್ಣೆಬಟ್ಟೆಗಳ ಸಂಗ್ರಹಾಲಯವೊಂದನ್ನು ನೋಡಿಕೊಳ್ಳುವವರು. ಬಟ್ಟೆಯನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಓದುವವರು. ಮಗ್ಗದ ಮೇಲಿದ್ದ ಕಂಬಳಿಯ ಅಂಚನ್ನು ಅವರು ಬಹಳ ಹೊತ್ತು ಸವರಿದರು. ಆಮೇಲೆ, ಚಳಿಗೆಂದು ಕೆಂಪಯ್ಯ ಹೆಗಲ ಮೇಲೆ ಹೊದ್ದಿದ್ದ ಹಳೆಯ ಕಂಬಳಿಯನ್ನು, ಹದಿನೈದು ವರ್ಷದ ಹಿಂದೆ ಅವನೇ ನೇಯ್ದದ್ದನ್ನು, ಅನುಮತಿ ಕೇಳಿ ಮುಟ್ಟಿ ನೋಡಿದರು. ನಯನ ಆ ಮಹಿಳೆಯ ಮಾತನ್ನು ಕನ್ನಡಕ್ಕೆ ತಂದಳು:

"ಅಣ್ಣ, ಈ ಕಂಬಳಿ ಅವರ ಸಂಗ್ರಹಾಲಯಕ್ಕೆ ಬೇಕಂತೆ. ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಕೊನೇ ಗೇಣು ನೇಯ್ದು ಮುಗಿಸಿ, ನೇಯ್ದವರ ಹೆಸರು ಬರೆಸಬೇಕಂತೆ. ಆದ್ರೆ..." ಅವಳು ತಡೆದಳು. "ನಿಮ್ಮ ಹೆಗಲ ಮೇಲಿರೋದು ಒಂದು ಕೈ, ಮಗ್ಗದ ಮೇಲಿರೋದು ಇನ್ನೊಂದು ಕೈ ಅಂತಾರೆ. ಎರಡನೆಯವರು ಯಾರು ಅಂತ ಕೇಳ್ತಿದಾರೆ."

ರಾಟೆ ನಿಂತಿತು. ಅಂಬುಜಮ್ಮ ಗಂಡನತ್ತ ನೋಡಿ ಬಹು ಸೂಕ್ಷ್ಮವಾಗಿ ತಲೆಯಾಡಿಸಿದಳು: ಬೇಡ.

"ನಾಳೆ ಹೇಳ್ತೀನಿ ಅನ್ನವ್ವ" ಎಂದ ಕೆಂಪಯ್ಯ.

ಆ ಸಂಜೆ ಇಬ್ಬರೂ ಹಳೆಯ ಸೇತುವೆಯ ಮೇಲೆ ನಿಂತಿದ್ದರು. ಎರಡೂ ಬದಿಗೆ ಚಿನ್ನದಂಗಡಿಗಳ ದೀಪಮಾಲೆ. ಕೆಳಗೆ ಅರ್ನೋ ಆ ಬೆಳಕನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು, ಎಲ್ಲಿಗೆ ಒಯ್ಯಲಿ ಎಂದು ತಿಳಿಯದವಳಂತೆ ಮೆಲ್ಲಮೆಲ್ಲನೆ ಹರಿಯುತ್ತಿತ್ತು. ತುಂತುರು ಹನಿಯತೊಡಗಿತು. ಕೆಂಪಯ್ಯ ಹೆಗಲ ಕಂಬಳಿಯನ್ನು ಬಿಚ್ಚಿ ಇಬ್ಬರಿಗೂ ಸೇರಿಸಿ ಹೊದಿಸಿದ. ಅಂಬುಜಮ್ಮ ಆಚೀಚೆ ನೋಡಿದಳು. ಅಲ್ಲಿದ್ದ ಪ್ರತಿ ಜೋಡಿಯೂ ಹಾಗೇ ನಿಂತಿದ್ದರಿಂದ ಸುಮ್ಮನಾದಳು.

"ನಾಳೆ ನಿನ್ನ ಹೆಸ್ರು ಬರೆಸ್ತೀನಿ."

"ಸುಮ್ನಿರಿ. ನಯನ ಫೋನಲ್ಲಿ ಹಿಡ್ದು ಊರ ವಾಟ್ಸಾಪ್ ಗುಂಪಿಗೆ ಹಾಕ್ತಾಳೆ. ಪೂಜಾರಿ ಭಾವ ನೋಡ್ತಾರೆ. ಏಳು ವರ್ಸದಿಂದ ದೇವ್ರಿಗೆ ಹೆಂಗ್ಸು ನೇಯ್ದ ಗದ್ದುಗೆ ಹಾಸ್ದೆ ಅಂತ ಗೊತ್ತಾದ್ರೆ? ಗದ್ದುಗೆ ನೇಯೋ ಭಾಗ್ಯ ನಮ್ಮನೆಯಿಂದ ಹೋಯ್ತದೆ. ನಿಮ್ಮ ಹೆಸ್ರೂ ಹೋಯ್ತದೆ."

"ಏಳು ವರ್ಸ ದೇವ್ರು ಅದ್ರ ಮ್ಯಾಲೇ ಕೂತವ್ನೆ. ಚುಚ್ತು ಅಂತ ಒಂದಿನಾನಾರ ಎದ್ದವ್ನಾ?"

ಅವಳಿಗೆ ನಗು ಬಂತು, ತಡೆದುಕೊಂಡಳು. "ಕಟ್ಟಳೆ ಕಟ್ಟಳೆನೇ."

"ಕಟ್ಟಳೆ ಇರೋದು ಗುಂಡಿಗೆ ಕಣೆ. ಇಲ್ಲಿ ಗುಂಡಿನೇ ಇಲ್ವಲ್ಲ. ಅಟ್ಟಣೆ."

ಧರ್ಮಶಾಸ್ತ್ರದ ಪಂಡಿತರು ಇಂಥ ಸೂಕ್ಷ್ಮಕ್ಕಾಗಿ ಗ್ರಂಥಗಳನ್ನೇ ಬರೆದಿದ್ದಾರೆ. ಕೆಂಪಯ್ಯನಿಗೆ ಒಂದು ಸೇತುವೆ ಸಾಕಾಯಿತು. ಅಂಬುಜಮ್ಮ ಒಪ್ಪಲಿಲ್ಲ, ನಿರಾಕರಿಸಲೂ ಇಲ್ಲ. ನೀರನ್ನೇ ನೋಡುತ್ತಾ, "ಆಮ್ಯಾಲೆ ನನ್ನ ದೂರಬಾರ್ದು" ಎಂದಳಷ್ಟೆ.

ಮರುದಿನ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಎತ್ತರದ ಕಿಟಕಿಗಳಿಂದ ಹೊಸ ಬಿಸಿಲು ಓರೆಯಾಗಿ ಬಿದ್ದು, ಗಾಳಿಯಲ್ಲಿ ತೇಲುವ ಉಣ್ಣೆಯ ಒಂದೊಂದು ಎಳೆಗೂ ಬಂಗಾರದ ಪ್ರಾಣ ತುಂಬಿತ್ತು. ನಯನ ಫೋನು ಹಿಡಿದು ನಿಂತಿದ್ದಳು. ಕೆಂಪಯ್ಯ ಅಟ್ಟಣೆಯ ಮೇಲೆ ಕುಳಿತ. ಮರದ ಹಲಗೆಯನ್ನು ಬಲಗೈಯಲ್ಲಿ ಎತ್ತಿದ. ಅದು ಜಾರಿತು. ಮತ್ತೆ ಎತ್ತಿದ, ಮತ್ತೆ ಜಾರಿ, ಮರಕ್ಕೆ ಮರ ಬಡಿಯಿತು. ಅವನು ಅಡಗಿಸಲಿಲ್ಲ. ಏಳು ವರ್ಷ ಅಂಗಿಯ ತೋಳಿನಲ್ಲಿ ಮರೆಸಿಟ್ಟಿದ್ದ ಆ ಕೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದ.

"ನಯನವ್ವ, ಇವ್ರಿಗೆ ಹೇಳು. ಈ ಕೈ ಹೋಗಿ ಏಳು ವರ್ಸ ಆಯ್ತು. ನನ್ನ ಹೆಗಲ ಮ್ಯಾಲಿರೋದು ನನ್ನ ಕೈ. ಮಗ್ಗದ ಮ್ಯಾಲಿರೋದು ನನ್ನ ಹೆಂಡ್ರು ಕೈ. ನೂತವಳೂ ಅವ್ಳೇ, ನೇಯ್ದವಳೂ ಅವ್ಳೇ. ನಾನು ಬಾಗ್ಲು ಕಾಯ್ದಿವ್ನಿ, ಹೊಗಳಿಕೆ ತಿಂದಿವ್ನಿ. ಅಂಬುಜಮ್ಮ ಅಂತ ಬರೀಲಿ."

ನಯನ ಒಂದು ಮಾತೂ ಬಿಡದೆ ಅನುವಾದಿಸಿದಳು. ಕೆಂಪಯ್ಯ ಅಟ್ಟಣೆಯಿಂದ ಇಳಿದು ರಾಟೆಯ ಬಳಿಗೆ ಹೋಗಿ ಹೆಂಡತಿಯ ಮುಂದೆ ನಿಂತ. ಮೋಡ ಕಡೆಗೂ ಕರಗಿತ್ತು...

"ನಿನ್ನಿಂದ ಬದುಕ್ದೆ ಕಣೆ" ಎಂದ. ಮತ್ತೇನೋ ಹೇಳಬೇಕೆಂದಿದ್ದ. ಏಳು ವರ್ಷದ್ದು ಇಷ್ಟೇ ಆಯಿತೇ ಎಂದು ಅವನಿಗೇ ಆಶ್ಚರ್ಯವಾಯಿತು.

ಅಂಬುಜಮ್ಮ ತಲೆ ಎತ್ತಲಿಲ್ಲ. "ಸರೀರಿ, ಜನ ಕಾಯ್ತಾವ್ರೆ" ಎಂದಳು. ಆದರೆ ಮೇಲೇಳಲು ಅವನ ಆ ಕೈಯನ್ನೇ ಹಿಡಿದುಕೊಂಡಳು. ಸೆರಗು ಸಿಕ್ಕಿಸಿ ಮಗ್ಗಕ್ಕೆ ಕುಳಿತಳು. ಹಲಗೆಯ ಪೆಟ್ಟು ಕಮಾನಿನಿಂದ ಕಮಾನಿಗೆ ಹಾರಿ, ಹೊರಗಿನ ಗಂಟೆಯ ನಾದದೊಡನೆ ಬೆರೆಯಿತು. ಮುಚ್ಚಿದ ಬಾಗಿಲಿನ ಹಿಂದೆ ಕಲಿತ ವಿದ್ಯೆಗೆ, ಹಗಲ ಬೆಳಕಿನಲ್ಲಿ ನಾಚಿಕೆ ಇರಲಿಲ್ಲ!

ಪಾಳ್ಯಕ್ಕೆ ಮರಳಿದ ಮರುದಿನ, ಎಳೆಬಿಸಿಲಿನಲ್ಲಿ, ಅಣ್ಣ ಪುಟ್ಟಲಿಂಗಯ್ಯನೂ ಅತ್ತಿಗೆ ಪುಟ್ಟಗೌರಮ್ಮನೂ ಬಂದರು. ವಿಡಿಯೊ ಅವರಿಗಿಂತ ಹತ್ತು ದಿನ ಮೊದಲೇ ಊರಿಗೆ ಬಂದಿತ್ತು. ಪುಟ್ಟಲಿಂಗಯ್ಯ ಜಗಲಿಯ ಮೇಲೆ ಕುಳಿತು, ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟ. ಕೆಂಪಯ್ಯ ಕಂಬಕ್ಕೊರಗಿ ನಿಂತ. ಅಂಬುಜಮ್ಮ ಬಾಗಿಲಿನ ಒಳಗೆ.

"ಏನ್ಲಾ ಕೆಂಪ, ಸಮುದ್ರ ದಾಟಿ ಹೋಗಿ ಬಿಳಿಯರಿಗೆ ಹೇಳ್ದೆ. ನಲವತ್ತು ಮಾರು ದೂರದಲ್ಲಿರೋ ಅಣ್ಣಂಗೆ ಹೇಳಕ್ಕಾಗ್ಲಿಲ್ವಾ?"

"ತಪ್ಪಾಯ್ತಣ್ಣ. ಗದ್ದುಗೆ ಬ್ಯಾರೆಯವ್ರ ಮನೆಗೆ ಕೊಡೋದಾದ್ರೆ ಕೊಡಿ. ಅವಳನ್ನ ಮಾತ್ರ ಏನೂ ಅನ್ನಬ್ಯಾಡಿ."

ಪುಟ್ಟಗೌರಮ್ಮ ನಡುವೆ ಬಾಯಿ ಹಾಕಿದಳು. "ಅಯ್ಯೋ, ಸಾಕು ಬುಡಪ್ಪ ನಿನ್ನ ಗೋಳು. ಮೊದಲ್ನೇ ವರ್ಸವೇ ನಂಗೆ ಗೊತ್ತಿತ್ತು. ನಿನ್ನ ಪೆಟ್ಟು ಎಮ್ಮೆ ಓಡ್ದಂಗೆ ದಬ್ ದಬ್ ಅಂತಿತ್ತು. ಇವಳ್ದು ಮೂರು ಸಣ್ಣ ಪೆಟ್ಟು, ಒಂದು ದೊಡ್ದು. ದಿನಾ ಬಂದು ನಿಮ್ಮ ಗ್ವಾಡೆ ಪಕ್ಕ ಕೂತು ಅಕ್ಕಿ ಆರಿಸೋಳಿಗೆ ಕೇಳಕಿಲ್ವಾ? ಯಾರಾರ ನಿಮ್ಮನೆ ಕಡೆ ಬಂದ್ರೆ ನಾನೇ ಗಟ್ಟಿಯಾಗಿ ಮಾತಾಡಿಸಿ ನಿಲ್ಲುಸ್ಕತಿದ್ದೆ, ಇವ್ಳು ಮ್ಯಾಲಕ್ಕೆ ಹತ್ತಲಿ ಅಂತ."

ಬಾಗಿಲೊಳಗಿಂದ ಅಂಬುಜಮ್ಮ ಹೊರಗೆ ಬಂದಳು. "ಅಕ್ಕ..." ಎನ್ನುತ್ತಾ ಪುಟ್ಟಗೌರಮ್ಮನ ಕೈ ಹಿಡಿದುಕೊಂಡಳು.

ಕೆಂಪಯ್ಯ ಅಣ್ಣನ ಮುಖ ನೋಡಿದ. ಪುಟ್ಟಲಿಂಗಯ್ಯ ಮುಖವನ್ನು ಸಾವನದುರ್ಗದ ಕಡೆ ತಿರುಗಿಸಿಕೊಂಡಿದ್ದ. "ನಂಗೂ ನಿನ್ನ ಅತ್ತಿಗೇನೇ ಹೇಳಿದ್ದು, ಐದು ವರ್ಸದ ಹಿಂದೆ. ನೀನೇ ಹೇಳ್ದಲೆ ನಾನು ಹೆಂಗ್ಲಾ ಬ್ಯಾರೆ ಹೆಸ್ರು ಕೂಗ್ಲಿ? ದೇವ್ರ ಮುಂದೆ ಸುಳ್ಳು ಕೂಗಿಸ್ದೆ ನನ್ನ ಕೈಲಿ. ಪ್ರತಿ ವರ್ಸ ಕೂಗಿ ಬಂದು, ತಪ್ಪು ಕಳೀಲಿ ಅಂತ ಇನ್ನೊಂದು ಸಲ ತಲೆಗೆ ನೀರು ಹಾಕ್ಕತಿದ್ದೆ." ಪಕ್ಕಕ್ಕಿಟ್ಟ ನೀರನ್ನು ಎತ್ತಿ ಒಂದೇ ಗುಟುಕಿಗೆ ಕುಡಿದ. "ಬರೋ ಸೋಮವಾರ ಪೂಜೆ. ಕಂಬಳಿ ಆಗೈತಾ ಅಂಬುಜ?"

"ಇನ್ನೂ ಹಾಸು ಕಟ್ಟಬೇಕು ಭಾವ."

"ಹಂಗಾರೆ ಕಟ್ಟು. ಈ ಸಲ ನಾನು ಸ್ನಾನ ಒಂದೇ ಸಲ ಮಾಡ್ತೀನಿ."

ಅವರು ಹೋದ ಮೇಲೆ ಕೆಂಪಯ್ಯ ಜಗಲಿಯಲ್ಲೇ ಕುಳಿತ. ಒಬ್ಬಳಿಗೆ ಒಂದು ಮಾತು ಹೇಳಿ ಹಗುರಾದೆನೆಂದು ಅವನು ಭಾವಿಸಿದ್ದ. ಅಷ್ಟು ದೊಡ್ಡ ನಗರಗಳನ್ನು ಸುತ್ತಿ, ಗುಮ್ಮಟಗಳಿಗೆ ಕೈಮುಗಿದು ಬಂದವನಿಗೆ, ತನ್ನ ಮನೆಯ ಗೋಡೆಯಾಚೆ ಅಕ್ಕಿ ಆರಿಸುತ್ತಾ ಕುಳಿತ ಹೆಂಗಸು ಕಂಡಿರಲಿಲ್ಲ. ಪ್ರತಿ ವರ್ಷ ತಮ್ಮನ ಮಾನಕ್ಕಾಗಿ ದೇವರೆದುರು ತಪ್ಪು ಹೊತ್ತು, ತಣ್ಣೀರಿಗೆ ತಲೆಯೊಡ್ಡಿದ ಅಣ್ಣ ಕಂಡಿರಲಿಲ್ಲ. ನಮ್ಮನ್ನು ಎತ್ತಿ ಹಿಡಿದವರನ್ನು ನಾವು ಎದುರಿಗಿರುವ ಮುಖಗಳಲ್ಲಿ ಹುಡುಕುತ್ತೇವೆ. ಆದರೆ ಎಷ್ಟೋ ಸಲ ಬದುಕು ನಿಂತಿರುವುದು, ಕೇಳಿಯೂ ಕೇಳದಂತಿದ್ದವರ ಮೌನದ ಮೇಲೆ, ತಿಳಿದೂ ತಿಳಿಯದಂತೆ ಹಾದುಹೋದವರ ಔದಾರ್ಯದ ಮೇಲೆ... ಪೈರಿಗೆ ತನ್ನ ಮೇಲೆ ಸುರಿದ ಹನಿ ಗೊತ್ತು. ಆ ಹನಿ ಯಾವ ಕಡಲಿನಿಂದ ಎದ್ದು, ಎಷ್ಟು ಗಾಳಿಗಳ ಹೆಗಲೇರಿ ಬಂತೆಂಬುದು ಗೊತ್ತಿಲ್ಲ. ಕೃತಜ್ಞತೆ ಎಂಬ ಭಾವ ಹೇಳಿದ ಮೇಲೆ ಮುಗಿಯುವುದಿಲ್ಲ, ಸಹೃದಯರೇ. ಹೇಳಿದ ಮೇಲೆಯೇ ಅದಕ್ಕೆ ಕಣ್ಣು ಬರುತ್ತದೆ. ಹಾಗೆ ಕಣ್ಣು ಬಂದವನು ಮೊದಲು ಮಾಡುವ ಕೆಲಸ ಬಹು ಸಣ್ಣದು. ಕೆಂಪಯ್ಯ ಎದ್ದು, ಮೆಟ್ಟು ಮೆಟ್ಟಿಕೊಂಡು, ನಲವತ್ತು ಮಾರು ದೂರದ ಅಣ್ಣನ ಮನೆಯ ಕಡೆ ನಡೆದ.